ತುಟಿಯ ಗುಳ್ಳೆ ಎಲ್ಲಿ ಅಡಗಿರುತ್ತದೆ?

ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಏಪ್ರಿಲ್-ಮೇ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲದಲ್ಲಿ ದುಡಿದವರಿಗೋ, ಜ್ವರ ಬಿಟ್ಟು ಎದ್ದವರಿಗೋ ತುಟಿಯಂಚು ಚುರುಗುಟ್ಟುತ್ತದೆ. ಮರುದಿನಕ್ಕೆ ನೀರ್ಗುಳ್ಳೆಗಳ ಗೊಂಚಲು. ಅದು ಒಡೆದು, ಹಕ್ಕಳೆ ಕಟ್ಟಿ, ವಾರ-ಹತ್ತು ದಿನದಲ್ಲಿ ಮಾಯುತ್ತದೆ. ‘ಉಷ್ಣ ಆಗ್ಯಾದ, ಮಜ್ಜಗಿ ಕುಡಿ’ ಎನ್ನುತ್ತಾರೆ ಮನೆಯ ಹಿರಿಯರು. ಬರೀ ಉಷ್ಣವೇ ಕಾರಣವಾದರೆ ಗುಳ್ಳೆ ಮತ್ತೆ ಮತ್ತೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಏಳುವುದೇಕೆ? ಸಂಶೋಧಕರನ್ನು ದಶಕಗಳ ಕಾಲ ಕಾಡಿದ್ದೂ ಇದೇ.

1919ರಲ್ಲಿ ಪ್ರಾಗ್‌ನ ಕಣ್ಣಿನ ವೈದ್ಯ ಲೋವೆನ್‌ಸ್ಟೈನ್ ಗುಳ್ಳೆಯ ನೀರನ್ನು ಮೊಲದ ಕಣ್ಣಿಗೆ ಸೋಕಿಸಿದರು. ಕಣ್ಣು ಹುಣ್ಣಾಯಿತು. ಅಂಟುವ ರೋಗಾಣು ಇದೆಯೆಂಬುದು ಖಚಿತವಾಯಿತು. ಇಂದು ಅದನ್ನು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಎನ್ನುತ್ತೇವೆ. ಆದರೆ ಗುಳ್ಳೆ ಮಾಯ್ದ ಮೇಲೆ ಅದು ಹೋಗುವುದೆಲ್ಲಿಗೆ?

ಸುಳಿವು ಅದಕ್ಕೂ ಮೊದಲೇ ಸಿಕ್ಕಿತ್ತು. ಅಮೆರಿಕದ ಶಸ್ತ್ರವೈದ್ಯ ಹಾರ್ವಿ ಕುಶಿಂಗ್, ಮುಖದ ತಾಳಲಾರದ ನರನೋವಿಗೆ ಶಸ್ತ್ರಕ್ರಿಯೆ ಮಾಡುತ್ತಿದ್ದರು. ಆನಂತರ ಕೆಲವು ರೋಗಿಗಳ ಮುಖದಲ್ಲಿ ಗುಳ್ಳೆಗಳೇಳುತ್ತಿದ್ದವು. ನರ ಕಡಿದುಹೋದ ಭಾಗದಲ್ಲಿ ಮಾತ್ರ ಒಂದೂ ಇಲ್ಲ! 1905ರಲ್ಲಿ ಅವರು ಇದನ್ನು ಬರೆದಿಟ್ಟರು. 1929ರಲ್ಲಿ ರೋಗಶಾಸ್ತ್ರಜ್ಞ ಅರ್ನೆಸ್ಟ್ ಗುಡ್‌ಪಾಶ್ಚರ್, ವೈರಸ್ ನರದ ದಾರಿ ಹಿಡಿದು ನರಗಂಟನ್ನು (ನರಕೋಶಗಳ ಗೊಂಚಲು) ಸೇರಿ ಅಲ್ಲೇ ಅಡಗುತ್ತದೆಂದು ವಾದಿಸಿದರು.

ಸಾಕ್ಷ್ಯ ಒದಗಿದ್ದು 1971ರಲ್ಲಿ. ಸಂಶೋಧಕರಾದ ಸ್ಟೀವನ್ಸ್ ಮತ್ತು ಕುಕ್ ಇಲಿಗಳ ಹಿಂಗಾಲಿನ ಪಾದಕ್ಕೆ ವೈರಸ್ ಚುಚ್ಚಿ, ಅವು ಚೇತರಿಸಿಕೊಳ್ಳುವವರೆಗೆ ಕಾದು, ಬೆನ್ನುಹುರಿಯ ಪಕ್ಕದ ನರಗಂಟುಗಳನ್ನು ತೆಗೆದರು. ಅರೆದು ನೋಡಿದರೆ ವೈರಸ್ ಇಲ್ಲ. ಅರೆಯದೆ, ಜೀವಂತವಾಗಿ ಗಾಜಿನ ತಟ್ಟೆಯಲ್ಲಿ ಸಾಕಿದಾಗ ಕೆಲವೇ ದಿನಗಳಲ್ಲಿ ವೈರಸ್ ಹೊರಬಂತು. ಅಂದರೆ ಅಲ್ಲಿ ಉಳಿದಿದ್ದು ವೈರಸ್ಸಿನ ಡಿಎನ್‌ಎ ಮಾತ್ರ. ಜೀವಕೋಶ ಬದುಕಿದ್ದರಷ್ಟೇ ಅದು ಮತ್ತೆ ಏಳಬಲ್ಲದು. ಬೇಗನೆ ಮನುಷ್ಯರ ಮುಖದ ನರಗಂಟಿನಲ್ಲೂ ವೈರಸ್ ಸಿಕ್ಕಿತು.

1970ರ ದಶಕದಲ್ಲೇ ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ತಂಡ ಈ ವೈರಸ್ಸಿಗೆ ಅಸೈಕ್ಲೋವಿರ್ ಎಂಬ ಮದ್ದನ್ನು ರೂಪಿಸಿತು. ವೈರಸ್ಸಿನದೇ ಕಿಣ್ವ ಈ ಮದ್ದನ್ನು ಚುರುಕುಗೊಳಿಸುವುದರಿಂದ ಆರೋಗ್ಯವಂತ ಜೀವಕೋಶಗಳಿಗೆ ಹಾನಿ ಕಡಿಮೆ. ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಆದರೂ ವೈರಸ್ ಹೆಚ್ಚುವಾಗ ಮಾತ್ರ ಈ ಮದ್ದು ನಾಟುತ್ತದೆ. ನರಗಂಟಿನಲ್ಲಿ ಮಲಗಿದ್ದನ್ನು ಮುಟ್ಟುವುದಿಲ್ಲ.

ಹಿರಿಯರ ಮಾತು ಅರ್ಧ ನಿಜ. ಬಿಸಿಲು, ಜ್ವರ, ದಣಿವು ವೈರಸ್ಸನ್ನು ಎಬ್ಬಿಸುತ್ತವೆ, ಹುಟ್ಟಿಸುವುದಿಲ್ಲ. ಹೆಚ್ಚಿನವರಿಗೆ ಅದು ಅಂಟುವುದು ಚಿಕ್ಕಂದಿನಲ್ಲಿ, ಯಾರದೋ ಮುತ್ತಿನಿಂದ. ಹಸುಗೂಸಿಗೆ ಈ ಸೋಂಕು ಪ್ರಾಣಾಂತಿಕ ಆಗಬಹುದು. ಗುಳ್ಳೆಯಿದ್ದಾಗ ಕೂಸಿಗೆ ಮುತ್ತಿಡಬೇಡಿ. ಮುಟ್ಟಿದ ಕೈ ತೊಳೆಯದೆ ಕಣ್ಣುಜ್ಜಬೇಡಿ.