ಹಿತ್ತಲ ಕಣಗಿಲೆ

ಅಕ್ಕ, ನಿಮ್ಮ ಹಿತ್ತಲಲ್ಲಿ ಕಣಗಿಲೆ ಗಿಡ ಇದೆಯಾ? ನಮ್ಮಲ್ಲಿ ಎರಡಿವೆ. ಕೆಂಪು ಒಂದು, ಬಿಳಿ ಒಂದು. ಬೆಳಗಾದರೆ ಪೂಜೆಗೆ ಹೂ ಸಿಗುತ್ತದೆ.

ಈ ಗಿಡ ಬೆಳೆಸುವುದು ಕಷ್ಟವಲ್ಲ. ಮಳೆಗಾಲ ಶುರುವಾದಾಗ ಬಲಿತ ಕಡ್ಡಿಯನ್ನು ಒಂದು ಗೇಣು ಕತ್ತರಿಸಿ. ಕೆಳಗಿನ ಎಲೆ ತೆಗೆದು ನೆಡಿ. ಬಿಸಿಲು ಬೇಕು, ನೀರು ನಿಲ್ಲಬಾರದು. ಬೇರು ಬಿಟ್ಟ ಮೇಲೆ ಸ್ವಲ್ಪ ನೀರು ಸಾಕು. ವರ್ಷ ವರ್ಷ ನೆಡಬೇಕಾಗಿಲ್ಲ. ಹೂ ಮುಗಿದಾಗ ಕೊಂಬೆ ಸವರಿ. ಹೊಸ ಚಿಗುರಿನ ತುದಿಯಲ್ಲಿ ಮತ್ತೆ ಹೂ ಬರುತ್ತದೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಆದರೆ ಈ ಸೊಪ್ಪಿಗೆ ಆಡು ಕೂಡ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಯಾಕೆ? ಇದು ಕಹಿ. ಕಹಿ ಮಾತ್ರವಲ್ಲ, ವಿಷ. ಎಲೆ, ಹೂ, ಕಾಂಡ, ಬೇರು ಎಲ್ಲವೂ ವಿಷ. ತಿಂದರೆ ವಾಂತಿ, ಹೊಟ್ಟೆನೋವು, ತಲೆಸುತ್ತು ಬರುತ್ತದೆ. ಎದೆಬಡಿತ ಕೆಡುತ್ತದೆ. ಪ್ರಾಣವೇ ಹೋಗಬಹುದು.

ಒಣಗಿದರೂ ಈ ವಿಷ ಹೋಗುವುದಿಲ್ಲ. ಇದು ನಮಗೂ ಮೊದಲು ಗೊತ್ತಿರಲಿಲ್ಲ. ಸವರಿದ ಕೊಂಬೆಯನ್ನು ಬೇಲಿ ಪಕ್ಕ ಬಿಸಾಡುತ್ತಿದ್ದೆವು. ಒಣಗಿದ ಎಲೆ ಹುಲ್ಲಿನ ಜೊತೆ ಸೇರಿದರೆ ಹಸುವಿಗೆ ಗೊತ್ತಾಗುವುದಿಲ್ಲ, ತಿಂದುಬಿಡುತ್ತದೆ. ಸಾಲ ಮಾಡಿ ತಂದ ಹಸು ಸತ್ತರೆ ಸಾಲ ಸಾಯುತ್ತದೆಯೇ? ಸವರಿದ್ದನ್ನೆಲ್ಲ ಗುಂಡಿ ತೋಡಿ ಮುಚ್ಚಿ. ಒಲೆಗೆ ಹಾಕಬೇಡಿ. ಅದರ ಹೊಗೆಯೂ ಕೆಟ್ಟದ್ದು.

ಹಳದಿ ಹೂ ಬಿಡುವ ಕಣಗಿಲೆಯೂ ಇದೆ. ಅದು ಬೇರೆ ಜಾತಿ. ಅದರ ಕಾಯಿ, ಬೀಜ ಬಹಳ ಅಪಾಯ. ಮಕ್ಕಳು ಆ ಕಾಯಿ ಆರಿಸಿ ಆಡುತ್ತಾರೆ. ಉದುರಿದ ಕಾಯಿಯನ್ನು ಆಗಾಗ ಗುಡಿಸಿ ತೆಗೆಯಿರಿ.

ದೇವರ ಹೂವಲ್ಲವೇ ಅಂತ ಕೇಳಬಹುದು. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ಒಂದು ತೀರ್ಮಾನ ಮಾಡಿತು. ತನ್ನ ದೇವಸ್ಥಾನಗಳಲ್ಲಿ ನೈವೇದ್ಯಕ್ಕೆ, ಪ್ರಸಾದಕ್ಕೆ ಈ ಹೂ ಬೇಡ ಅಂದಿತು. ಪೂಜೆಗೆ ಅಡ್ಡಿ ಮಾಡಲಿಲ್ಲ. ನಾವೂ ಹಾಗೇ ಮಾಡುತ್ತೇವೆ. ದೇವರ ತಲೆಗೆ ಏರಿಸುತ್ತೇವೆ. ಹಾಲು, ಹಣ್ಣಿನ ತಟ್ಟೆಯಲ್ಲಿ ಇಡುವುದಿಲ್ಲ. ಹೂ ಕೊಯ್ದ ಮೇಲೆ ಕೈ ತೊಳೆಯುತ್ತೇವೆ.

ಹಂಗಂತ ಗಿಡ ಕಿತ್ತು ಹಾಕಬೇಕಾ? ಬೇಡ. ಕೊಟ್ಟಿಗೆಯಿಂದ, ಮಕ್ಕಳು ಆಡುವ ಜಾಗದಿಂದ ದೂರ ನೆಡಿ. ನಾಟಿ ಮದ್ದು, ಅರೆದು ಕುಡಿ ಅಂತ ಯಾರು ಹೇಳಿದರೂ ಕುಡಿಯಬೇಡಿ.

ಯಾರಾದರೂ ತಿಂದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ಗಿಡದ ಒಂದು ರೆಂಬೆ ಚೀಲದಲ್ಲಿ ಹಾಕಿಕೊಂಡು ಹೋಗಿ. ಡಾಕ್ಟರಿಗೆ ಗುರುತು ಸಿಗುತ್ತದೆ.