ಸಂಬಳದ ಬಟವಾಡೆಗೆ ಯಂತ್ರದ ಕರಾರು

ಯಲಹಂಕದಲ್ಲಾಗಲಿ ಯಶವಂತಪುರದಲ್ಲಾಗಲಿ, ಸಂಬಳ ನಾಲ್ಕು ದಿನ ತಡವಾಯಿತೆಂದರೆ ಮನೆ ಬಾಡಿಗೆಯೂ ದಿನಸಿ ಅಂಗಡಿಯ ಲೆಕ್ಕವೂ ಒಟ್ಟಿಗೆ ಬಾಗಿಲು ತಟ್ಟುತ್ತವೆ. ಇದಕ್ಕೆ 'ಸ್ಮಾರ್ಟ್ ಕಾಂಟ್ರ್ಯಾಕ್ಟ್' ಮದ್ದೆಂದು ಗಣಕ ತಜ್ಞರು ಸೂಚಿಸುತ್ತಾರೆ. ಹಲವು ಗಣಕಗಳಲ್ಲಿ ಏಕಕಾಲಕ್ಕೆ ಬರೆದಿಟ್ಟ, ಒಬ್ಬನೇ ಗುಟ್ಟಾಗಿ ತಿದ್ದಲಾಗದ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಅದರಲ್ಲಿ ಅಡಕವಾದ ಕರಾರು, ಗೊತ್ತಾದ ದಿನ ಬಂದೊಡನೆ ಯಾರ ಸಹಿಗೂ ಕಾಯದೆ ಹಣ ಸಲ್ಲಿಸುತ್ತದೆ. ಮಾಲೀಕನು ಮೊದಲೇ ಹಣ ತುಂಬಿಟ್ಟಿದ್ದರೆ ಮಾತ್ರ!

ಆದರೆ ಆ ಕರಾರಿಗೆ ಹಾಜರಿಯನ್ನು ತಿಳಿಸುವವರು ಯಾರು? 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ವೇತನದ ವಿಷಯವಾಗಿ ದೊಂಬಿಯೆದ್ದಿತು. ಕೆಲವರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಒಪ್ಪಿ ಕಂಪನಿಯೇ ಕ್ಷಮೆ ಕೋರಿತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತೆಂದು ಸರ್ಕಾರಿ ತನಿಖೆಯಲ್ಲಿ ಕಂಡುಬಂದಿತು. ಅಂತಹ ಕಡೆ ಈ ಕರಾರು ತಪ್ಪು ಮೊತ್ತವನ್ನೇ ನಿಷ್ಠೆಯಿಂದ ಹಂಚುತ್ತಿತ್ತು.

2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ ಮಾಸಿಕ ಸಂಬಳವು ಮುಂದಿನ ತಿಂಗಳ 7ನೆಯ ದಿನ ಮುಗಿಯುವುದರೊಳಗೆ ಸಲ್ಲಬೇಕು. ಕೆಲಸ ಬಿಟ್ಟವರಿಗೆ 2 ಕೆಲಸದ ದಿನಗಳಲ್ಲಿ. ಅದೂ ನಗದು, ಚೆಕ್ಕು ಅಥವಾ ಬ್ಯಾಂಕ್ ಖಾತೆಯ ಮೂಲಕ. ಕ್ರಿಪ್ಟೋ ನಾಣ್ಯಕ್ಕೆ ಅಲ್ಲಿ ಎಡೆಯಿಲ್ಲ. ಆದುದರಿಂದ ಹೆಬ್ಬಾಳದ ಕಚೇರಿಯಾಗಲಿ ಪೀಣ್ಯದ ಕಾರ್ಖಾನೆಯಾಗಲಿ ಈ ಕರಾರನ್ನು ತಂದರೂ, ಅದು ಬ್ಯಾಂಕಿಗೆ ಆಜ್ಞೆ ಕಳುಹಿಸಬಹುದಷ್ಟೆ.