ಸಾಸಿವೆ ಡಬ್ಬಿಯ ದುಡ್ಡೂ ಜರ್ಮನಿಯ ಮಾರ್ಕೂ

ಸಾಸಿವೆ ಡಬ್ಬಿಯಲ್ಲೋ, ಬೀರುವಿನ ಸೀರೆ ಮಡಿಕೆಯಲ್ಲೋ ಯಜಮಾನರಿಗೆ ತಿಳಿಯದಂತೆ ನಾಲ್ಕು ಕಾಸು ಕೂಡಿಡದ ಗೃಹಿಣಿ ನಮ್ಮಲ್ಲಿ ಯಾರಿದ್ದಾರೆ, ಹೇಳಿ? ನಾನೂ ಇಟ್ಟಿದ್ದೆ. 2016ರ ನವೆಂಬರಿನಲ್ಲಿ 500 ಮತ್ತು 1000 ರೂಪಾಯಿಯ ನೋಟುಗಳು ರದ್ದಾದಾಗ ಡಬ್ಬಿಗಳನ್ನೆಲ್ಲ ಬರಿದು ಮಾಡಿ ಬ್ಯಾಂಕಿಗೆ ಕಟ್ಟಿದ್ದೂ ಆಯಿತು. ಮರುವರ್ಷ ಯುಗಾದಿಗೆ ಉಡೋಣವೆಂದು ರೇಷ್ಮೆ ಸೀರೆ ಬಿಡಿಸಿದರೆ, ಮಡಿಕೆಯೊಳಗಿಂದ 500ರ ಎರಡು ನೋಟು ಜಾರಿ ಬೀಳಬೇಕೇ! ಕಟ್ಟುವ ಗಡುವು ಡಿಸೆಂಬರ್ 30ಕ್ಕೇ ಮುಗಿದಿತ್ತು.

ಆ ಸಂಕಟ ಮತ್ತೆ ನೆನಪಾದದ್ದು ದೂರದ ಜರ್ಮನಿಯಲ್ಲಿ. ತಂಗಿಯ ಬಾಣಂತನಕ್ಕೆಂದು ಮ್ಯೂನಿಕ್‌ಗೆ ಹೋಗಿದ್ದೆ. ಕೆಳಗಿನ ಮನೆಯ ಅಜ್ಜಿಗೆ ತಮ್ಮ ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿ ಹಳೆಯ ನೋಟುಗಳು ಸಿಕ್ಕಿದ್ದವು. 100 ಮಾರ್ಕಿನ ಎರಡು ನೋಟು ತೋರಿಸಿ, "ಇವನ್ನು ನಾಳೆ ಬದಲಾಯಿಸಿಕೊಂಡು ಬರ್ತೀನಿ" ಎಂದರು. ಇನ್ನೊಂದು ಹತ್ತು ಲಕ್ಷ ಮಾರ್ಕಿನ ನೋಟು! "ಇದಕ್ಕೆ ಮಾತ್ರ ಒಂದು ಕಾಸೂ ಹುಟ್ಟೋದಿಲ್ಲ" ಎಂದು ನಕ್ಕರು. ತಂಗಿ ಕನ್ನಡದಲ್ಲಿ ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ನೂರಕ್ಕೆ ಬೆಲೆಯುಂಟು, ಹತ್ತು ಲಕ್ಷಕ್ಕಿಲ್ಲ ಎಂದರೆ ಏನರ್ಥ?

ಅದರ ಕಥೆ ಹೀಗಿದೆ. ಜರ್ಮನಿಯ ಚಿಕ್ಕಪುಟ್ಟ ರಾಜ್ಯಗಳೆಲ್ಲ 1871ರಲ್ಲಿ ಒಂದಾದ ಮೇಲೆ ಇಡೀ ದೇಶಕ್ಕೆ ಮಾರ್ಕ್ ಎಂಬ ಒಂದೇ ನಾಣ್ಯ ಬಂತು. ಒಂದು ಮಾರ್ಕಿಗೆ ನೂರು ಫೆನಿಗ್. 1914ರಲ್ಲಿ ಸುಮಾರು 4 ಮಾರ್ಕ್ 20 ಫೆನಿಗ್ ಕೊಟ್ಟರೆ ಒಂದು ಡಾಲರ್ ಸಿಗುತ್ತಿತ್ತು. ಮೊದಲನೆಯ ಮಹಾಯುದ್ಧಕ್ಕೆ ಸರ್ಕಾರ ಸಾಲ ಮಾಡಿತು. ಸೋತ ಮೇಲೆ ಪರಿಹಾರದ ಹೊರೆಯೂ ಬಿತ್ತು. 1923ರಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ಸೈನ್ಯಗಳು ಕಲ್ಲಿದ್ದಲಿನ ರೂರ್ ಪ್ರದೇಶಕ್ಕೆ ನುಗ್ಗಿದಾಗ ಅಲ್ಲಿಯ ಕೆಲಸಗಾರರು ಕೆಲಸ ನಿಲ್ಲಿಸಿದರು. ಅವರ ಹೊಟ್ಟೆಪಾಡಿಗೆ ಸರ್ಕಾರ ನೋಟು ಅಚ್ಚು ಹಾಕುತ್ತಲೇ ಹೋಯಿತು.

ಸಾರಿಗೆ ನೀರು ಸುರಿಯುತ್ತ ಹೋದರೆ ಏನಾಗುತ್ತದೆ? ಅದೇ ಆಯಿತು. ಆ ನವೆಂಬರಿನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಬರ್ಲಿನ್ನಿನಲ್ಲಿ ಒಂದು ಬ್ರೆಡ್ಡಿಗೆ ಸುಮಾರು 20 ಸಾವಿರ ಕೋಟಿ. ಕೂಲಿಯನ್ನು ದಿನಾ ಬಟವಾಡೆ ಮಾಡುತ್ತಿದ್ದರಂತೆ. ಹೆಂಡತಿಯರು ಕಾರ್ಖಾನೆಯ ಬಾಗಿಲಲ್ಲೇ ಕಾದಿದ್ದು, ದುಡ್ಡು ಕೈಗೆ ಬಂದೊಡನೆ ಅಂಗಡಿಗೆ ಓಡುತ್ತಿದ್ದರು. ಸಂಜೆಗೆ ಬೆಲೆ ಇನ್ನೂ ಏರುವುದಲ್ಲ! ಸೌದೆಗಿಂತ ನೋಟೇ ಅಗ್ಗವೆಂದು ಒಲೆಗೆ ಹಾಕಿದವರೂ ಉಂಟು. ಮಗಳ ಮದುವೆಗೆ, ಮುಪ್ಪಿಗೆ ಎಂದು ಕೂಡಿಟ್ಟವರ ಗತಿ? ಇಡೀ ಜೀವನದ ಉಳಿತಾಯಕ್ಕೆ ಒಂದು ಮೊಟ್ಟೆಯೂ ಬರಲಿಲ್ಲ.

1923ರ ನವೆಂಬರ್ 15ರಂದು ರೆಂಟನ್‌ಮಾರ್ಕ್ ಎಂಬ ಹೊಸ ನೋಟು ತಂದರು. ಹಳೆಯ ಒಂದು ಲಕ್ಷ ಕೋಟಿಗೆ ಹೊಸದೊಂದು. ಇಷ್ಟಕ್ಕಿಂತ ಹೆಚ್ಚು ಅಚ್ಚು ಹಾಕುವುದಿಲ್ಲವೆಂದು ಮಿತಿ ಹಾಕಿದ್ದರಿಂದ ಜನಕ್ಕೆ ನಂಬಿಕೆ ಬಂತು. ಎರಡನೆಯ ಮಹಾಯುದ್ಧ ಮುಗಿದಾಗ ಮತ್ತೆ ಅದೇ ಪಾಡು. ನೋಟಿಗಿಂತ ಅಮೆರಿಕದ ಸಿಗರೇಟಿಗೇ ಬೆಲೆ ಹೆಚ್ಚು! 1948ರ ಜೂನ್ 20ರಂದು ಪಶ್ಚಿಮ ಜರ್ಮನಿಯ ಪ್ರತಿಯೊಬ್ಬರಿಗೂ 40 ಹೊಸ ಡಾಯ್ಚ್‌ಮಾರ್ಕ್ ಹಂಚಿದರು. ಮರುದಿನವೇ ಅಂಗಡಿಗಳಲ್ಲಿ ಬಚ್ಚಿಟ್ಟ ಸಾಮಾನೆಲ್ಲ ಹೊರಬಂತು. ಆದರೆ ಬ್ಯಾಂಕಿನ ಉಳಿತಾಯದಲ್ಲಿ ನೂರಕ್ಕೆ ಆರೂವರೆ ಮಾರ್ಕ್ ಮಾತ್ರ ಕೊನೆಗೆ ದಕ್ಕಿತು.

ಎರಡು ಬಾರಿ ಸುಟ್ಟುಕೊಂಡ ಜನ ಈ ಮಾರ್ಕನ್ನು ಕಣ್ಣಿನಂತೆ ಕಾಪಾಡಿದರು. 2002ರ ಜನವರಿ 1ರಂದು ಯೂರೋ ನೋಟು ಬಂದಾಗ ಒಂದು ಯೂರೋಗೆ 1.95583 ಮಾರ್ಕ್ ಎಂಬ ಲೆಕ್ಕ. ಡಾಯ್ಚ್‌ಮಾರ್ಕಿನ ನೋಟು, ನಾಣ್ಯಗಳನ್ನು ಅವರ ಬುಂಡೆಸ್‌ಬ್ಯಾಂಕ್ ಇಂದಿಗೂ ಅದೇ ಲೆಕ್ಕದಲ್ಲಿ, ಶುಲ್ಕವಿಲ್ಲದೆ ಬದಲಾಯಿಸಿ ಕೊಡುತ್ತದೆ. ಗಡುವೇ ಇಲ್ಲ! ಅಜ್ಜಿ ಮರುದಿನ 102 ಯೂರೋ 26 ಸೆಂಟ್ ತಂದರು. ಮಗುವಿಗೊಂದು ಉಣ್ಣೆಯ ಟೋಪಿಯೂ ಬಂತು.

ಮಗಳ ಬಾಣಂತನಕ್ಕೋ, ಮಗನನ್ನು ನೋಡುವುದಕ್ಕೋ ನೀವೂ ಹೋಗುವವರಿದ್ದರೆ ಈ ನಾಲ್ಕು ಮಾತು ನೆನಪಿರಲಿ:

* ಹೊರಡುವ ಮುಂಚೆ ಇಲ್ಲೇ ಬ್ಯಾಂಕಿನಲ್ಲಿ ಸ್ವಲ್ಪ ಯೂರೋ ಕೊಂಡುಕೊಳ್ಳಿ. 5, 10, 20ರ ಚಿಲ್ಲರೆ ನೋಟು ಕೇಳಿ. ಅಲ್ಲಿಯ ಸಣ್ಣ ಅಂಗಡಿಗಳಿಗೆ ಈಗಲೂ ನಗದೇ ಇಷ್ಟ. ರಸೀತಿ ಜೋಪಾನ.

* "ಕಮಿಷನ್ ಇಲ್ಲ" ಎಂಬ ಬೋರ್ಡು ನಂಬಬೇಡಿ. ಕೊಳ್ಳುವ ದರ, ಮಾರುವ ದರ ಎರಡನ್ನೂ ಕೇಳಿ. ನಡುವಿನ ಅಂತರವೇ ಅವರ ಲಾಭ. ವಿಮಾನ ನಿಲ್ದಾಣದಲ್ಲಿ ಇದು ಸಾಮಾನ್ಯವಾಗಿ ಹೆಚ್ಚು.

* ಕಾರ್ಡು ಹಾಕಿದಾಗ ಯಂತ್ರ "ರೂಪಾಯಿಯೋ ಯೂರೋವೋ?" ಎಂದು ಕೇಳಿದರೆ ಯೂರೋ ಎನ್ನಿ. ರೂಪಾಯಿ ಎಂದರೆ ದರದಲ್ಲಿ ಕೈ ಕಚ್ಚುತ್ತದೆ.

* ನಾಣ್ಯಗಳನ್ನು ಅಲ್ಲೇ ಖರ್ಚು ಮಾಡಿ. ಊರಿಗೆ ತಂದರೆ ಕೊಳ್ಳುವವರು ಸಿಗುವುದು ಕಷ್ಟ.

ನನ್ನ ಆ ಎರಡು ನೋಟು ಈಗಲೂ ಸೀರೆಯ ಮಡಿಕೆಯಲ್ಲೇ ಇವೆ. ಅಜ್ಜಿಯ ಹತ್ತು ಲಕ್ಷದ ಹಾಗೆ ನನಗೂ ಒಂದು ಪಾಠ. ನೋಟಿನ ಬೆಲೆ ಕಾಗದದಲ್ಲಿಲ್ಲ, ಅದನ್ನು ಕೊಟ್ಟವರ ಮಾತಿನಲ್ಲಿದೆ. ಡಬ್ಬಿಯಲ್ಲಿ ಆಪತ್ತಿಗೆಂದು ಸ್ವಲ್ಪ ಇರಲಿ. ಮಿಕ್ಕದ್ದು ನಿಮ್ಮದೇ ಹೆಸರಿನ ಖಾತೆಯಲ್ಲಿರಲಿ. ಮತ್ತೆ, ಎಲ್ಲೆಲ್ಲಿ ಇಟ್ಟಿದ್ದೀರೆಂದು ಮಗಳಿಗಾದರೂ ಹೇಳಿಡಿ. ಯಜಮಾನರಿಗೆ ಹೇಳುವುದು ಬಿಡುವುದು ನಿಮ್ಮಿಷ್ಟ!